ಸರ್ಕಾರ ಕೊಡೋ ವಕೀಲರು ನಮ್ಮ ಕಡೆ ಇರ್ತಾರಾ?

ಪ್ರಶ್ನೆ, ಶಹಾಪುರದಿಂದ:

ಹೊಲದ ಬದುವಿನ ಜಗಳದಲ್ಲಿ ನನ್ನ ತಂಗಿಯ ಗಂಡನನ್ನು ಇವತ್ತು ಸಂಜೆ ಪೊಲೀಸರು ಕರೆದುಕೊಂಡು ಹೋದರು. ನಾಳೆ ಕೋರ್ಟಿಗೆ ಹಾಜರು ಮಾಡ್ತಾರಂತೆ. ವಕೀಲರಿಗೆ ಕೊಡಲು ಕೈಯಲ್ಲಿ ದುಡ್ಡಿಲ್ಲ, ಹತ್ತಿ ಇನ್ನೂ ಗಿಡದಲ್ಲೇ ಇದೆ. ಪುಕ್ಕಟೆ ವಕೀಲರು ಸಿಗ್ತಾರೆ ಅಂತ ಒಬ್ಬರು ಹೇಳಿದರು. ಆದರೆ ಸರ್ಕಾರಿ ವಕೀಲರು ಅಂದರೆ ಪೊಲೀಸರ ಕಡೆಯವರೇ ಅಲ್ವಾ? ಆದಾಯ ಪ್ರಮಾಣಪತ್ರವೂ ನಮ್ಮ ಹತ್ತಿರ ಇಲ್ಲ.

ಉತ್ತರ, ಕಲಬುರಗಿಯಿಂದ:

ಅಣ್ಣಾ, ನಮ್ಮವ್ವನೂ ಇದನ್ನೇ ಕೇಳಿದ್ದಳು. ಆಗ ನನ್ನ ತಮ್ಮ ಜೈಲಿನಲ್ಲಿದ್ದ. ರೊಟ್ಟಿ ಗಂಟು ಮಡಿಲಲ್ಲಿಟ್ಟುಕೊಂಡು ಕೋರ್ಟಿನ ಕಟ್ಟೆ ಮೇಲೆ ಕೂತು, "ಸರ್ಕಾರಿ ವಕೀಲ ಬ್ಯಾಡ, ಅವನೇ ನನ್ನ ಮಗನ್ನ ಒಳಗ ಹಾಕಸ್ತಾನ" ಅಂತ ಹಟ ಹಿಡಿದಳು. ಆ ಭಯದಲ್ಲೇ ಇಪ್ಪತ್ತು ದಿನ ಕಳೆದುಕೊಂಡೆವು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ತಮ್ಮನೇ ಜೈಲಿನಲ್ಲಿ ಪುಕ್ಕಟೆ ವಕೀಲರಿಗಾಗಿ ಅರ್ಜಿಗೆ ಹೆಬ್ಬೆಟ್ಟು ಒತ್ತಿದ.

ಸರ್ಕಾರಿ ವಕೀಲರು ಬೇರೆ, ಈ ಪುಕ್ಕಟೆ ವಕೀಲರು ಬೇರೆ. ನಮ್ಮ ಜನ ಸರ್ಕಾರಿ ವಕೀಲರು ಅನ್ನೋದು ಸರ್ಕಾರಿ ಅಭಿಯೋಜಕರಿಗೆ, ಅವರು ಸರ್ಕಾರದ ಪರ. ನಿಮಗೆ ಸಿಗುವವರು ಕಾನೂನು ಸೇವಾ ಪ್ರಾಧಿಕಾರದ ವಕೀಲರು. ಅವರು ಆರೋಪಿಯ ಪರವಾಗಿಯೇ ನಿಲ್ಲುತ್ತಾರೆ. ನೀವು ಒಂದು ರೂಪಾಯಿ ಫೀಸೂ ಕೊಡಬೇಕಿಲ್ಲ.

ಪ್ರಮಾಣಪತ್ರಕ್ಕೆ ಸುಮ್ನೆ ಓಡಾಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯದ ಮಿತಿ ಇಲ್ಲ. ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದಾಗ "ನನಗೆ ವಕೀಲರಿಲ್ಲ, ಕೊಡಿಸಿ" ಅಂತ ಅವನೇ ಬಾಯಿಬಿಟ್ಟು ಕೇಳಲಿ. ತಲೆ ತಗ್ಗಿಸಿ ನಿಲ್ಲೋದು ಬೇಡ.

ಉತ್ತರ, ಬೀದರ್‌ನಿಂದ:

ಅಕ್ಕ ಹೇಳಿದ್ದು ಸರಿ, ನಾನೂ ವಕೀಲ. ಮೊದಲ ಸಲ ಹಾಜರುಪಡಿಸಿದ ದಿನದಿಂದಲೇ ಈ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 1981ರಲ್ಲಿ, ಬಿಹಾರದ ಭಾಗಲ್ಪುರದ ಕೈದಿಗಳ ಕಣ್ಣು ಕುರುಡು ಮಾಡಿದ ಪ್ರಕರಣದಲ್ಲಿ ಹೇಳಿದೆ. ಆರೋಪಿ ಕೇಳದಿದ್ದರೂ ನ್ಯಾಯಾಧೀಶರೇ ತಿಳಿಸಬೇಕು. ಹಾಗೆ ತಿಳಿಸದೆ ವಿಚಾರಣೆ ನಡೆಸಿದ್ದಕ್ಕೆ 1986ರಲ್ಲಿ ಅರುಣಾಚಲದ ಒಬ್ಬರ ಶಿಕ್ಷೆಯೇ ರದ್ದಾಯಿತು. ಏನಾದರೂ ತೊಡಕಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಶಹಾಪುರದಿಂದ, ಮರುದಿನ:

ಅಕ್ಕಾ, ರಾತ್ರಿ ಠಾಣೆಗೆ ಊಟ ಒಯ್ದಾಗ ನೀವು ಬರೆದ ಮಾತನ್ನು ಅವನ ಬಾಯಿಂದ ಮೂರು ಸಲ ಹೇಳಿಸಿದೆ. ಇವತ್ತು ಕೋರ್ಟಿನಲ್ಲಿ ಧ್ವನಿ ನಡುಗಿತು, ಆದರೂ ಹೇಳಿದ. ವಕೀಲರನ್ನು ಕೊಟ್ಟರು. ಅವರು ಮೊದಲು ಕೇಳಿದ್ದೇ ಬದು ಯಾರ ಸರ್ವೆ ನಂಬರಿನಲ್ಲಿದೆ ಅಂತ. ಪಹಣಿ ತರಲು ಹೇಳಿದ್ದಾರೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಒಯ್ದು ಕೊಡ್ತೇನೆ.