ಬಟ್ಟಲು ಖಾಲಿಯಾಗಿದೆ ಅಂದ್ರೆ ಹ್ಯಾಮ್‌ಸ್ಟರ್‌ಗೆ ಹಸಿವಾಗಿದೆ ಅಂತಾನಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮನೇಲಿ ಎಂಟು ತಿಂಗಳ ಸಿರಿಯನ್ ಹ್ಯಾಮ್‌ಸ್ಟರ್ ಇದೆ, ಹೆಸರು ಗುಂಡ. ಕಾಳು, ಸೂರ್ಯಕಾಂತಿ ಬೀಜ ಬೆರೆಸಿದ ಮಿಶ್ರಣ ಹಾಕ್ತೀವಿ. ಹಾಕಿ ಅರ್ಧ ಗಂಟೆ ಆಗಿರಲ್ಲ, ಬಟ್ಟಲು ಖಾಲಿ. ಪಾಪ, ಇನ್ನೂ ಹಸಿವು ಅಂತ ಮಗಳು ಮತ್ತೆ ತುಂಬಿಸ್ತಾಳೆ. ದಿನಕ್ಕೆ ಮೂರ್ನಾಲ್ಕು ಸಲ ಇದೇ ಕಥೆ. ನಿಜವಾಗ್ಲೂ ಅಷ್ಟೊಂದು ತಿನ್ನುತ್ತಾ? ದಿನಕ್ಕೆ ಎಷ್ಟು ಹಾಕಬೇಕು?

ಪಶುವೈದ್ಯೆ: ನಮಸ್ಕಾರ. ಗುಂಡ ಅಷ್ಟನ್ನೂ ತಿಂತಿಲ್ಲ, ಸಾಗಿಸ್ತಿದ್ದಾನೆ. ಹ್ಯಾಮ್‌ಸ್ಟರ್‌ನ ಎರಡೂ ಕೆನ್ನೆಯೊಳಗೆ ಭುಜದವರೆಗೆ ಹೋಗುವ ಚೀಲ ಇರುತ್ತೆ. ಇವತ್ತು ರಾತ್ರಿ ದೀಪ ಸಣ್ಣದು ಮಾಡಿ ಮಗಳ ಜೊತೆ ಸದ್ದಿಲ್ಲದೆ ಕೂತು ನೋಡಿ. ಮುಂಗಾಲಲ್ಲಿ ಒಂದೊಂದೇ ಕಾಳು ಎತ್ತಿ ಒಳಗೆ ತಳ್ತಾನೆ, ಮುಖ ಮೈಗಿಂತ ಅಗಲ ಆಗುತ್ತೆ. ಆಮೇಲೆ ಗೂಡಿಗೆ ಓಡಿ, ಕೆನ್ನೆಯನ್ನ ಹಿಂದಿನಿಂದ ಮುಂದಕ್ಕೆ ಒತ್ತಿ ಎಲ್ಲವನ್ನೂ ಸುರೀತಾನೆ. ಸಾಕಿದ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಹೆಚ್ಚಿನವು 1930ರಲ್ಲಿ ಸಿರಿಯಾದ ಅಲೆಪ್ಪೊ ಹತ್ತಿರ ಹೊಲದ ಬಿಲ ಅಗೆದು ತೆಗೆದ ಮರಿಗಳ ಸಂತತಿ. ಬಿಲದಲ್ಲಿ ದಾಸ್ತಾನು ಮಾಡೋ ಬುದ್ಧಿ ಪಂಜರಕ್ಕೆ ಬಂದ ಮೇಲೂ ಹೋಗಿಲ್ಲ.

ಹಾಗಾಗಿ ಬಟ್ಟಲು ನೋಡಿ ಲೆಕ್ಕ ಹಾಕಬೇಡಿ, ತೂಕ ನೋಡಿ ಹಾಕಿ. ಬೆಳೆದ ಸಿರಿಯನ್‌ಗೆ ದಿನಕ್ಕೆ 10ರಿಂದ 12 ಗ್ರಾಂ ಒಣ ಆಹಾರ ಸಾಕು. ಅದನ್ನ ಸಂಜೆ ಒಂದೇ ಸಲ ಕೊಡಿ, ಅದು ಏಳೋದೇ ಆಗ.

ನನಗೆ ಚಿಂತೆ ಇರೋದು ಆ ಮಿಶ್ರಣದ ಬಗ್ಗೆ. ಹತ್ತು ಥರ ಕಾಳು ಮುಂದಿಟ್ಟರೆ ಹ್ಯಾಮ್‌ಸ್ಟರ್ ಮೊದಲು ಆರಿಸೋದು ಸೂರ್ಯಕಾಂತಿ ಬೀಜ. ಅದರಲ್ಲಿ ಸುಮಾರು ಅರ್ಧದಷ್ಟು ಕೊಬ್ಬು, ಕ್ಯಾಲ್ಸಿಯಂ ತೀರಾ ಕಡಿಮೆ. ಮತ್ತೆ ಮತ್ತೆ ಬಟ್ಟಲು ತುಂಬಿದಷ್ಟೂ ಅದಕ್ಕೆ ಬೇಕಾದ್ದು ಮಾತ್ರ ತಿಂದು ಉಳಿದದ್ದು ಬಿಡೋಕೆ ದಾರಿ ಆಗುತ್ತೆ. ಹ್ಯಾಮ್‌ಸ್ಟರ್‌ಗೆಂದೇ ಮಾಡಿದ ಪೆಲೆಟ್‌ನಲ್ಲಿ ಪ್ರತಿ ಗುಳಿಗೆಯೂ ಒಂದೇ ಥರ, ಆರಿಸೋಕೆ ಆಗಲ್ಲ. ಪ್ರೋಟೀನ್ 16ರಿಂದ 20 ಶೇಕಡಾ ಇರೋದನ್ನ ನೋಡಿ ತನ್ನಿ. ಒಂದೇ ದಿನ ಬದಲಾಯಿಸಬೇಡಿ. ಹಳೇದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ 7ರಿಂದ 10 ದಿನ ತಗೊಳ್ಳಿ. ಸೂರ್ಯಕಾಂತಿ ಬೀಜ ದಿನಕ್ಕೆ ಒಂದೋ ಎರಡೋ, ಅದೂ ಮಗಳ ಕೈಯಿಂದ. ಆಗ ಅವಳಿಗೂ ಬೇಜಾರಾಗಲ್ಲ.

ಇವತ್ತೇ ಗೂಡಿನ ಹಾಸು ಮೆಲ್ಲಗೆ ಸರಿಸಿ ಎಷ್ಟು ಕೂಡಿಟ್ಟಿದ್ದಾನೆ ನೋಡಿ, ಅವನನ್ನೂ ತೂಗಿ ಹೇಳಿ.

ಪ್ರಶ್ನೆ: ಮೇಡಂ, ನಮ್ಮದು ಡ್ವಾರ್ಫ್, ಅಂದ್ರೆ ಪುಟ್ಟ ಗಾತ್ರದ ಹ್ಯಾಮ್‌ಸ್ಟರ್, ಕ್ಯಾಂಪ್‌ಬೆಲ್ ಜಾತಿ ಅಂದಿದ್ರು. ಸೇಬು, ಬಾಳೆಹಣ್ಣು, ದ್ರಾಕ್ಷಿ ಅಂದ್ರೆ ಪ್ರಾಣ, ದಿನಾ ಕೊಡ್ತೀವಿ. ಈಚೆಗೆ ನೀರು ಜಾಸ್ತಿ ಕುಡೀತಿದೆ, ಹಾಸು ಬೇಗ ಒದ್ದೆ ಆಗುತ್ತೆ. ಸೆಕೆಗಾ?

ಪಶುವೈದ್ಯೆ: ಸೆಕೆ ಅಂತ ಬಿಡಬೇಡಿ. ಕ್ಯಾಂಪ್‌ಬೆಲ್ ಮತ್ತು ಅದರ ಮಿಶ್ರತಳಿಗಳಿಗೆ ಸಕ್ಕರೆ ಕಾಯಿಲೆ ಸುಲಭವಾಗಿ ಬರುತ್ತೆ, ನೀವು ಹೇಳಿದ ಎರಡೂ ಅದರ ಲಕ್ಷಣಗಳೇ. ಹ್ಯಾಮ್‌ಸ್ಟರ್ ಸಾಮಾನ್ಯವಾಗಿ ಮೈತೂಕದ ಪ್ರತಿ 100 ಗ್ರಾಂಗೆ ದಿನಕ್ಕೆ ಸುಮಾರು 10 ಮಿಲಿ ನೀರು ಕುಡಿಯುತ್ತೆ. ನಿಮ್ಮದು 40 ಗ್ರಾಂ ಇದ್ದರೆ 4 ಮಿಲಿ ಆಸುಪಾಸು. ನೀರಿನ ಬಾಟಲಿ ಸೋರ್ತಿಲ್ಲ ಅಂತ ಮೊದಲು ಖಚಿತ ಮಾಡಿಕೊಂಡು, ಬಾಟಲಿ ಮೇಲೆ ಗೆರೆ ಹಾಕಿ ಎರಡು ದಿನ ಅಳೆಯಿರಿ. ಜಾಸ್ತಿ ಬಂದರೆ ವೈದ್ಯರ ಹತ್ತಿರ ಮೂತ್ರದಲ್ಲಿ ಸಕ್ಕರೆ ನೋಡಿಸಿ. ಆದರೆ ನೀರು ಮಾತ್ರ ಕಡಿಮೆ ಮಾಡಬೇಡಿ.

ಹಣ್ಣು ಇವತ್ತಿಂದಲೇ ನಿಲ್ಲಿಸಿ. ಸೌತೆಕಾಯಿ ಅಥವಾ ಬ್ರೊಕೊಲಿ ಉಗುರಿನಷ್ಟು ತುಂಡು ಕೊಡಬಹುದು. ಉಳಿದದ್ದನ್ನ ಬೆಳಿಗ್ಗೆ ತೆಗೆದುಬಿಡಿ. ಡ್ವಾರ್ಫ್ ಇರಲಿ, ಸಿರಿಯನ್ ಇರಲಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಕಿತ್ತಳೆ-ನಿಂಬೆ ಥರದ ಹುಳಿ ಹಣ್ಣು, ಹಸಿ ರಾಜ್ಮಾ ಬೇಡವೇ ಬೇಡ. ಅಂಟುವ ಸಿಹಿ ತಿಂಡಿಯೂ ಬೇಡ; ಕೆನ್ನೆ ಚೀಲದೊಳಗೆ ಅಂಟಿಕೊಂಡರೆ ಅದಕ್ಕೆ ತೆಗೆಯೋಕೆ ಬರಲ್ಲ.

ಪ್ರಶ್ನೆ: ಅರ್ಜೆಂಟ್ ಮೇಡಂ. ಐದು ವಾರದ ಮರಿ ತಂದು ನಾಲ್ಕು ದಿನ ಆಯ್ತು. ಚೆನ್ನಾಗಿ ಬೆಳೀಲಿ ಅಂತ ಸೊಪ್ಪು, ಸೌತೆಕಾಯಿ ಬೇಕಾದಷ್ಟು ಹಾಕಿದ್ವಿ. ಇವತ್ತು ನೀರು ನೀರಾಗಿ ಭೇದಿ, ಬಾಲದ ಸುತ್ತ ಒದ್ದೆ, ಬೆನ್ನು ಗೂನು ಮಾಡಿಕೊಂಡು ಕೂತಿದೆ. ಮನೇಲಿ ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಇದೆ, ಒಂದು ಹನಿ ಕೊಡಲಾ?

ಪಶುವೈದ್ಯೆ: ದಯವಿಟ್ಟು ಕೊಡಬೇಡಿ, ಒಂದು ಹನಿಯೂ ಬೇಡ. ಪೆನಿಸಿಲಿನ್ ಗುಂಪಿನ ಔಷಧಿ ಹ್ಯಾಮ್‌ಸ್ಟರ್ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನ ಕೊಲ್ಲುತ್ತೆ, ಆ ಜಾಗದಲ್ಲಿ ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ. ಔಷಧಿಯಿಂದಲೇ ಪ್ರಾಣ ಹೋಗಬಹುದು.

ಇದು ವೆಟ್ ಟೇಲ್, ಅಂದ್ರೆ ಬಾಲ ಒದ್ದೆಯಾಗುವಷ್ಟು ಭೇದಿ ಆಗೋ ಕರುಳಿನ ಕಾಯಿಲೆ ಇರಬಹುದು. ತಾಯಿ ಬಿಟ್ಟು ಹೊಸ ಮನೆಗೆ ಬಂದ ಮರಿಗಳಲ್ಲೇ ಹೆಚ್ಚು. ಜಾಗ ಬದಲಾದ ಗಾಬರಿ, ಆಹಾರ ಬದಲಾದದ್ದು, ಎರಡೂ ಸೇರಿ ಕರುಳು ಕೆಡುತ್ತೆ. ಒಂದೆರಡು ದಿನದೊಳಗೆ ಸಾಯೋ ಮರಿಗಳಿವೆ, ಅದಕ್ಕೇ ನಾಳೆ ನೋಡೋಣ ಅನ್ನಬೇಡಿ, ಈಗಲೇ ಹೊರಡಿ. ಸೊಪ್ಪು, ತರಕಾರಿ ಎಲ್ಲಾ ತೆಗೆಯಿರಿ. ಮೊದಲಿದ್ದ ಜಾಗದಲ್ಲಿ ತಿಂತಿದ್ದ ಒಣ ಆಹಾರ ಮತ್ತು ನೀರು ಮಾತ್ರ ಇಡಿ. ಬೆಚ್ಚಗಿಟ್ಟು, ಅಲುಗಾಡಿಸದೆ ಕರ್ಕೊಂಡು ಹೋಗಿ. ಬೇರೆ ಹ್ಯಾಮ್‌ಸ್ಟರ್ ಇದ್ದರೆ ಇದನ್ನ ಮುಟ್ಟಿದ ಕೈ ತೊಳೆಯದೆ ಅದನ್ನ ಮುಟ್ಟಬೇಡಿ. ವೈದ್ಯರು ಏನಂದ್ರು ಅಂತ ಇಲ್ಲೇ ತಿಳಿಸಿ, ಕಾಯ್ತಿರ್ತೀನಿ.

ಗುಂಡನ ಮನೆಯವರು: ಮೇಡಂ, ನೋಡಿದ್ವಿ. ಗೂಡಿನ ಕೆಳಗೆ ಕೂಡಿಟ್ಟದ್ದು ತೂಗಿದರೆ 140 ಗ್ರಾಂ! ಒಂದು ಕಡೆ ಬಿಳಿ ಬೂಷ್ಟು ಬಂದ ಕ್ಯಾರೆಟ್ ತುಂಡೂ ಇತ್ತು. ಗುಂಡನ ತೂಕ 185 ಗ್ರಾಂ. ಎಲ್ಲಾ ಎತ್ತಿ ಬಿಸಾಕಿ ಪೂರ್ತಿ ತೊಳೆದುಬಿಡೋಣ್ವಾ? ಇನ್ನೊಂದು, ಅದು ಬಗ್ಗಿ ತನ್ನ ಹಿಕ್ಕೆ ತಾನೇ ತಿಂತಿತ್ತು. ಮಗಳು ಹೆದರಿಬಿಟ್ಟಳು.

ಪಶುವೈದ್ಯೆ: ಹಿಕ್ಕೆ ತಿನ್ನೋದು ಸಹಜ, ತಡೀಬೇಡಿ. ಕರುಳಿನ ಬ್ಯಾಕ್ಟೀರಿಯಾ ತಯಾರಿಸಿದ ಬಿ ಮತ್ತು ಕೆ ವಿಟಮಿನ್ ಅದಕ್ಕೆ ಹಾಗೇ ಮತ್ತೆ ಸಿಗೋದು. ಮಗಳಿಗೆ ಇದನ್ನೇ ಹೇಳಿ.

ಬೆಳೆದ ಸಿರಿಯನ್‌ಗಳಲ್ಲಿ ಹೆಚ್ಚಿನವು 100ರಿಂದ 150 ಗ್ರಾಂ ಒಳಗೆ ಇರುತ್ತವೆ. ಕೆಲವು ದೊಡ್ಡ ಕಟ್ಟಿನವೂ ಇವೆ, ಆದರೆ ನಿಮ್ಮ ಊಟದ ಲೆಕ್ಕ ನೋಡಿದರೆ ಗುಂಡನಿಗೆ ಬಂದಿರೋದು ಕೊಬ್ಬೇ ಅನ್ಸುತ್ತೆ. ಹಾಗಂತ ಉಪವಾಸ ಕೆಡವಬೇಡಿ. 10 ಗ್ರಾಂ ಪೆಲೆಟ್ ತೂಗಿ, ಬಟ್ಟಲಿಗೆ ಹಾಕೋ ಬದಲು ಹಾಸಿನ ಮೇಲೆಲ್ಲಾ ಚೆಲ್ಲಿ. ಹುಡುಕ್ತಾ ಓಡಾಡಲಿ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಗಿ ಬರೆದಿಡಿ.

ದಾಸ್ತಾನು ಪೂರ್ತಿ ಎತ್ತಬೇಡಿ. ಬೂಷ್ಟು ಬಂದದ್ದು, ಒದ್ದೆ ಆದದ್ದು, ಅದಕ್ಕೆ ತಗಲಿದ್ದ ಕಾಳು ತೆಗೆಯಿರಿ. ಸೂರ್ಯಕಾಂತಿ ಬೀಜವನ್ನೂ ಆರಿಸಿ ತೆಗೆಯಿರಿ. ಉಳಿದ ಒಣ ಕಾಳಲ್ಲಿ ಒಂದು ಹಿಡಿ ಅದೇ ಮೂಲೆಗೆ ವಾಪಸ್ ಇಡಿ. ಎದ್ದ ತಕ್ಷಣ ಅವನು ಮೊದಲು ನೋಡೋದು ಅಲ್ಲೇ.