ಆರ್‌ಸಿ2014 ಗಣಕಕ್ಕೆ ಸ್ಲಿಪ್ ಜಾಲ: ಸಣ್ಣ ಪಿಂಗ್ ಮರಳುತ್ತದೆ, ದೊಡ್ಡದು ಮರಳುವುದಿಲ್ಲ

ಬೆಸುಗೆಗಾರ:
ಎಲ್ಲರಿಗೂ ನಮಸ್ಕಾರ. ಆರ್‌ಸಿ2014 ಎಂಬ, ಮನೆಯಲ್ಲೇ ಬೆಸೆದು ಕಟ್ಟುವ ಪುಟ್ಟ ಗಣಕದ ಕಿಟ್ಟನ್ನು ಜೋಡಿಸಿ ಮುಗಿಸಿದ್ದೇನೆ. 7.3728 ಮೆಗಾಹರ್ಟ್ಸ್ ವೇಗದ ಜೆಡ್80 ಪ್ರೊಸೆಸರ್, ಸೀರಿಯಲ್ (ಒಂದೊಂದೇ ಬಿಟ್ ಸಾಗುವ) ಸಂಪರ್ಕಕ್ಕೆ 68ಬಿ50 ಚಿಪ್, ರೋಮ್‌ನಲ್ಲಿ ಬೇಸಿಕ್. ಟರ್ಮಿನಲ್‌ನಿಂದ 115200 ಬಾಡ್‌ನಲ್ಲಿ ಏನು ಟೈಪ್ ಮಾಡಿದರೂ ಒಂದಕ್ಷರವೂ ತಪ್ಪುವುದಿಲ್ಲ. ಈಗ ಯುಐಪಿ ಎಂಬ ಪುಟ್ಟ ಟಿಸಿಪಿ ತಂತ್ರಾಂಶವನ್ನು ಸಿ ಕಂಪೈಲರಿನಲ್ಲಿ ಕಟ್ಟಿ ರ್ಯಾಮ್‌ಗೆ ಇಳಿಸಿದ್ದೇನೆ. ಬೈಟುಗಳನ್ನು ಅದು ರೋಮ್‌ನ ಇಂಟರಪ್ಟ್ ದಿನಚರಿಯ (ಬೈಟು ಬಂದಾಗಲೆಲ್ಲ ತಾನಾಗಿ ಓಡುವ ಕೋಡ್) ಮೂಲಕವೇ ಪಡೆಯುತ್ತದೆ. ಇನ್ನೊಂದು ತುದಿಯಲ್ಲಿ ರಾಸ್ಪ್‌ಬೆರಿ ಪೈ ಇದ್ದು, ಅದರಲ್ಲಿ ಸ್ಲಿಪ್ ಸಂಪರ್ಕವನ್ನು, ಅಂದರೆ ಸೀರಿಯಲ್ ತಂತಿಯ ಮೇಲೆ ಐಪಿ ಪ್ಯಾಕೆಟ್ ಸಾಗಿಸುವುದನ್ನು, ಆರಂಭಿಸುವ ಸ್ಲ್ಯಾಟ್ಯಾಚ್ ಆಜ್ಞೆಗೆ ವೇಗವನ್ನೂ ದೊಡ್ಡಕ್ಷರದ ಎಲ್ ಆಯ್ಕೆಯನ್ನೂ ಮಾತ್ರ ಕೊಟ್ಟಿದ್ದೇನೆ. ವಿಳಾಸಗಳು 192.168.7.1 ಮತ್ತು 192.168.7.2.

16 ಬೈಟಿನ ಪಿಂಗ್ (ತಲುಪಿತೇ ಎಂದು ಕೇಳುವ ಪ್ಯಾಕೆಟ್) ಕಳಿಸಿದರೆ ಉತ್ತರ ಬರುತ್ತದೆ. ಗಾತ್ರ ಸೂಚಿಸದೆ ಸಾಮಾನ್ಯ ಪಿಂಗ್ ಕಳಿಸಿದರೆ ಒಂದೂ ಮರಳುವುದಿಲ್ಲ. ಪ್ಯಾಕೆಟ್ಟಿನ ತಪ್ಪು ಹಿಡಿಯುವ ಚೆಕ್‌ಸಮ್ ಲೆಕ್ಕದಲ್ಲಿ ದೋಷವಿರಬಹುದೇ?

ಹಳೇತಂತಿ:
ಚೆಕ್‌ಸಮ್ ಲೆಕ್ಕ ತಪ್ಪಿದ್ದರೆ ಚಿಕ್ಕ ಪಿಂಗೂ ಬರುತ್ತಿರಲಿಲ್ಲ. ತಾವು ಕೊಟ್ಟಿರುವ ಎರಡು ಗಾತ್ರಗಳನ್ನೇ ಲೆಕ್ಕ ಹಾಕಿ ನೋಡಿದರೆ ಉತ್ತರ ಬಹುಮಟ್ಟಿಗೆ ಅಲ್ಲೇ ಇದೆ.

ತಮ್ಮ ರೋಮ್‌ನಲ್ಲಿರುವುದು ಇಂಥ ಜೆಡ್80 ಗಣಕವನ್ನು ವಿನ್ಯಾಸ ಮಾಡಿದ ಗ್ರಾಂಟ್ ಸರ್ಲ್ ಅವರ ಮೂಲ ಇಂಟರಪ್ಟ್ ದಿನಚರಿಯಾಗಿದ್ದರೆ, ಅದರ ಬಫರ್ (ಬಂದ ಬೈಟುಗಳು ಕಾಯುವ ಜಾಗ) 63 ಬೈಟಿನದು. 48 ತುಂಬಿದಾಗ ಅದು ಆರ್‌ಟಿಎಸ್ ಗೆರೆಯನ್ನು ಎತ್ತಿ "ಸಾಕು, ನಿಲ್ಲಿಸು" ಎನ್ನುತ್ತದೆ, 5ಕ್ಕಿಂತ ಕೆಳಗೆ ಇಳಿದಾಗ ಮತ್ತೆ ಬಾಗಿಲು ತೆರೆಯುತ್ತದೆ. ಹೀಗಿದ್ದೂ ಬಫರ್ ಪೂರ್ತಿ ತುಂಬಿದರೆ ಆಮೇಲೆ ಬಂದ ಬೈಟನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. 16 ಬೈಟಿನ ಪಿಂಗ್ ಎಂದರೆ ತಲೆಬರಹಗಳು ಸೇರಿ 44 ಬೈಟು. ಸ್ಲಿಪ್‌ನಲ್ಲಿ ಪ್ಯಾಕೆಟ್ಟಿನ ಗಡಿಯನ್ನು ತೋರಿಸುವ ಬೈಟಿನ ಬೆಲೆಯೇ 192 ಆದ್ದರಿಂದ, ದತ್ತಾಂಶದೊಳಗೆ 192 ಬಂದಾಗಲೆಲ್ಲ ಅದನ್ನು 219 ಮತ್ತು 220 ಎಂಬ ಜೋಡಿಯಾಗಿ ಕಳಿಸಬೇಕಾಗುತ್ತದೆ. ತಮ್ಮ ಎರಡೂ ವಿಳಾಸಗಳು 192ರಿಂದಲೇ ಆರಂಭವಾಗುವುದರಿಂದ ಪ್ರತಿ ಪ್ಯಾಕೆಟ್ಟಿಗೂ ಎರಡು ಬೈಟು ಹೆಚ್ಚುವರಿ, ಹಿಂದೆ ಮುಂದೆ ಗಡಿಯ ಬೈಟುಗಳು ಎರಡು; ಒಟ್ಟು 48. ಇದು ಬಫರಿನಲ್ಲಿ ಆರಾಮವಾಗಿ ಹಿಡಿಸುತ್ತದೆ. ಸಾಮಾನ್ಯ ಪಿಂಗ್ 84 ಬೈಟಿನದು, ಇದೇ ಲೆಕ್ಕದಲ್ಲಿ 88 ಆಗುತ್ತದೆ, ಹಿಡಿಸುವುದಿಲ್ಲ. (ವಿಳಾಸಗಳನ್ನು 10ರಿಂದ ಆರಂಭವಾಗುವಂತೆ ಬದಲಿಸಿದರೆ ಆ ಎರಡು ಬೈಟು ಉಳಿಯುತ್ತವೆ, ಆದರೆ 219ರ ಜೋಡಿಯನ್ನು ಬಿಡಿಸುವ ತಮ್ಮ ಕೋಡ್ ಸರಿಯಿದೆ ಎಂಬುದಕ್ಕೆ ಚಿಕ್ಕ ಪಿಂಗ್ ಈಗಾಗಲೇ ಸಾಕ್ಷಿ ಹೇಳಿದೆ.)

115200 ಬಾಡ್‌ನಲ್ಲಿ ಒಂದು ಬೈಟಿಗೆ ಹತ್ತು ಬಿಟ್‌ಗಳಂತೆ ಸುಮಾರು 87 ಮೈಕ್ರೋಸೆಕೆಂಡಿಗೊಂದು ಬೈಟು ಬರುತ್ತದೆ. ತಮ್ಮ ಜೆಡ್80ಗೆ ಅದು ಸರಿಯಾಗಿ 640 ಕ್ಲಾಕ್ ಆವರ್ತ. ಇಂಟರಪ್ಟ್ ದಿನಚರಿಯೊಂದೇ ಇನ್ನೂರಕ್ಕೂ ಹೆಚ್ಚು ತಿನ್ನುತ್ತದೆ. ಉಳಿದ ಆವರ್ತಗಳಲ್ಲಿ ಸಿ ಕಂಪೈಲರ್ ಹೆತ್ತ ಕೋಡ್ ಬಫರನ್ನು ಅಷ್ಟೇ ಬೇಗ ಖಾಲಿ ಮಾಡುತ್ತದೆಂದು ನಂಬುವುದು ಕಷ್ಟ. ಕೈಯಿಂದ ಟೈಪ್ ಮಾಡುವಾಗ ಈ ಕೊರತೆ ಎಂದೂ ಕಾಣುವುದಿಲ್ಲ, ಏಕೆಂದರೆ ಎಷ್ಟೇ ಚುರುಕಿನ ಬೆರಳಾದರೂ ಬಫರಿನಲ್ಲಿ ಎರಡನೆಯ ಅಕ್ಷರ ಸೇರುವ ಮೊದಲೇ ಮೊದಲನೆಯದು ಖರ್ಚಾಗಿರುತ್ತದೆ.

ಆದ್ದರಿಂದ ಈ ನಿಲ್ಲಿಸು-ಕಳಿಸು ವ್ಯವಸ್ಥೆ, ಅಂದರೆ ಫ್ಲೋ ಕಂಟ್ರೋಲ್, ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಜಾಲದ ಗೊಡವೆಯಿಲ್ಲದೆ ಪರೀಕ್ಷಿಸಿ. ಟರ್ಮಿನಲ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಹಾಕಿಕೊಂಡು ಬೇಸಿಕ್‌ನಲ್ಲಿ ಮೂರು ಸಾಲು ಬರೆಯಿರಿ: 68ಬಿ50ಯನ್ನು ನಿಯಂತ್ರಿಸುವ 128ನೇ ಪೋರ್ಟಿಗೆ 214 ಕಳಿಸುವುದು, ಕೆಲವು ಸೆಕೆಂಡು ಸುಮ್ಮನೆ ಸುತ್ತುವ ಲೂಪ್, ಕೊನೆಗೆ ಅದೇ ಪೋರ್ಟಿಗೆ 150 ಕಳಿಸುವುದು. ಎರಡು ಅಂಕಿಗಳ ನಡುವಿನ ವ್ಯತ್ಯಾಸ ಒಂದೇ ಬಿಟ್. 214 ಆರ್‌ಟಿಎಸ್ ಗೆರೆಯನ್ನು ಎತ್ತುತ್ತದೆ, 150 ಇಳಿಸುತ್ತದೆ. ಲೂಪ್ ಓಡುತ್ತಿರುವಾಗ ಕಂಟ್ರೋಲ್ ಸಿ ಒತ್ತಿ. ಕಾರ್ಯಕ್ರಮ ತಕ್ಷಣ ನಿಂತರೆ ಆ ಕೀ ಮುಚ್ಚಿದ ಬಾಗಿಲಿನ ಒಳಗೆ ಬಂದಿದೆ ಎಂದರ್ಥ. ಜೊತೆಗೆ ಆರ್‌ಟಿಎಸ್ ಪಿನ್ನಿನ ಮೇಲೆ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿ.

ಚಿಪ್‌ಪ್ರೇಮಿ:
ವೇಗವನ್ನೇ 9600ಕ್ಕೆ ಇಳಿಸಿದರೆ ಇಷ್ಟೆಲ್ಲ ತೊಂದರೆ ಇರುವುದಿಲ್ಲವಲ್ಲ?

ಹಳೇತಂತಿ:
ಈ ಚಿಪ್ಪಿನಲ್ಲಿ ಅದು ತಂತ್ರಾಂಶದಿಂದ ಆಗುವ ಮಾತಲ್ಲ. 68ಬಿ50 ತನಗೆ ಬಂದ ಕ್ಲಾಕನ್ನು 1, 16 ಅಥವಾ 64ರಿಂದ ಮಾತ್ರ ಭಾಗಿಸಬಲ್ಲದು, 7.3728 ಮೆಗಾಹರ್ಟ್ಸನ್ನು 64ರಿಂದ ಭಾಗಿಸಿದಾಗ ಬರುವುದೇ 115200. ಅದಕ್ಕಿಂತ ಇಳಿಯಬೇಕಾದರೆ ಚಿಪ್ಪಿಗೆ ಬೇರೆ ಕ್ಲಾಕ್ ಕೊಡಬೇಕು.

ಬೆಸುಗೆಗಾರ:
ಪರೀಕ್ಷೆ ಮಾಡಿದೆ. ಕಂಟ್ರೋಲ್ ಸಿ ಒತ್ತಿದ ಕೂಡಲೇ ಲೂಪ್ ನಿಂತಿತು. ಗಣಕದ ಆರ್‌ಟಿಎಸ್ ಪಿನ್ ಮಾತ್ರ ಸೊನ್ನೆಯಿಂದ 5 ವೋಲ್ಟ್ ಸಮೀಪಕ್ಕೆ ಸರಿಯಾಗಿಯೇ ಏರುತ್ತಿದೆ. ಯುಎಸ್‌ಬಿ ಅಡಾಪ್ಟರನ್ನು ಬಿಚ್ಚಿ ನೋಡಿದಾಗ ಆ ಆರ್‌ಟಿಎಸ್ ಗೆರೆ ಬಂದು ಸೇರುವ, ಸಿಟಿಎಸ್ ಎಂದು ಅಚ್ಚಾಗಿದ್ದ ಪಿನ್ನಿನಿಂದ ಚಿಪ್ಪಿಗೆ ಗೆರೆಯೇ ಇರಲಿಲ್ಲ. ಚಿಪ್ಪಿನ ಸಿಟಿಎಸ್ ಕಾಲನ್ನು ಬೋರ್ಡಿನಲ್ಲೇ ಗ್ರೌಂಡಿಗೆ ಸೇರಿಸಿದ್ದರು, ಅಂದರೆ ಅದಕ್ಕೆ ಬಾಗಿಲು ಸದಾ ತೆರೆದಂತೆಯೇ ಕಾಣುತ್ತಿತ್ತು. ಕಂದು ತಂತಿಯಲ್ಲಿ ಸಿಟಿಎಸ್, ಹಸಿರು ತಂತಿಯಲ್ಲಿ ಆರ್‌ಟಿಎಸ್ ಬರುವ ಎಫ್‌ಟಿಡಿಐ ಕೇಬಲ್ ತಂದು ಹಾಕಿದೆ. ಈಗ ಬೇಸಿಕ್ ಪರೀಕ್ಷೆ ಸರಿಯಾಗಿದೆ: ಲೂಪ್ ಮುಗಿಯುವವರೆಗೆ ಕೀ ಹೊರಗೇ ಕಾಯುತ್ತದೆ. ಆದರೂ ದೊಡ್ಡ ಪಿಂಗ್ ಇನ್ನೂ ಬರುತ್ತಿಲ್ಲ.

ಹಳೇತಂತಿ:
ಹಾಗಾದರೆ ತಂತಿ ಸರಿಹೋಗಿದೆ, ಪೈ ಮಾತ್ರ ಅದನ್ನು ನೋಡುತ್ತಿಲ್ಲ. ದೊಡ್ಡಕ್ಷರದ ಎಲ್ ಆಯ್ಕೆ ಮೂರು ತಂತಿಯ ಸಂಪರ್ಕಕ್ಕೆಂದು ಇರುವುದು. ಅದನ್ನು ಕೊಟ್ಟಾಗ ಸ್ಲ್ಯಾಟ್ಯಾಚ್ ಹಾರ್ಡ್‌ವೇರ್ ಫ್ಲೋ ಕಂಟ್ರೋಲನ್ನು ಹಾಕುವುದೇ ಇಲ್ಲ. ಎಲ್ ತೆಗೆದರೆ ಕ್ಯಾರಿಯರ್ ಸಂಕೇತದ (ಆಚೆ ತುದಿ ಸಂಪರ್ಕದಲ್ಲಿದೆ ಎನ್ನುವ ಗೆರೆ) ಮೇಲೆ ಕಣ್ಣಿಡಲು ಆರಂಭಿಸುತ್ತದೆ, ಆರು ತಂತಿಯ ಕೇಬಲಿನಲ್ಲಿ ಆ ಸಂಕೇತವೇ ಇಲ್ಲ. ಹಾಗಾಗಿ ಎಲ್ ಇರಲಿ. ಸ್ಲ್ಯಾಟ್ಯಾಚ್ ಓಡುತ್ತಿರುವಾಗಲೇ ಅದೇ ಪೋರ್ಟಿನ ಮೇಲೆ ಸೆಟ್ಟಿಂಗ್ ಬದಲಿಸುವ ಎಸ್‌ಟಿಟಿವೈ ಆಜ್ಞೆಯಿಂದ ಸಿಆರ್‌ಟಿಎಸ್‌ಸಿಟಿಎಸ್ (ಹಾರ್ಡ್‌ವೇರ್ ಫ್ಲೋ ಕಂಟ್ರೋಲ್) ಅನ್ನು ಹಾಕಿ, ನಂತರ ಎಲ್ಲ ಸೆಟ್ಟಿಂಗ್‌ಗಳನ್ನೂ ತೋರಿಸುವ ಆಯ್ಕೆಯಿಂದ ಖಾತ್ರಿಪಡಿಸಿಕೊಳ್ಳಿ. ಆ ಹೆಸರಿನ ಆರಂಭದಲ್ಲಿ ಮೈನಸ್ ಗುರುತು ಕಂಡರೆ ಅದು ಇನ್ನೂ ಹತ್ತಿಲ್ಲ. ಗೆರೆಯ ಬದಲು ಬೈಟುಗಳಿಂದಲೇ ನಿಲ್ಲಿಸು-ಕಳಿಸು ಎನ್ನುವ ಎಕ್ಸಾನ್ ಎಕ್ಸಾಫ್ ವಿಧಾನದ ಕಡೆಗೆ ದಯವಿಟ್ಟು ಹೋಗಬೇಡಿ. ಅದರ 17 ಮತ್ತು 19 ಎಂಬ ಬೈಟುಗಳು ಪ್ಯಾಕೆಟ್ಟಿನೊಳಗೆ ಸಹಜವಾಗಿಯೇ ಬರುತ್ತವೆ, ಸ್ಲಿಪ್ ಅವನ್ನು ಮರೆಮಾಚುವುದಿಲ್ಲ.

ಇಷ್ಟಾದ ಮೇಲೂ ಬೈಟು ಕಳೆದರೆ ಇಂಟರಪ್ಟ್ ದಿನಚರಿಯಲ್ಲಿ 68ಬಿ50ಯ ಸ್ಥಿತಿ ರಿಜಿಸ್ಟರನ್ನು ದತ್ತಾಂಶಕ್ಕಿಂತ ಮೊದಲು ಓದಿ, ಎದ್ದ ಬಿಟ್‌ಗಳನ್ನೆಲ್ಲ ನೆನಪಿನಲ್ಲಿ ಉಳಿಸುತ್ತ ಬನ್ನಿ. ಸೊನ್ನೆಯಿಂದ ಎಣಿಸಿ 5ನೇ ಬಿಟ್ ಎದ್ದಿದ್ದರೆ ತಮ್ಮ ಕೋಡ್ ಎಲ್ಲೋ ಇಂಟರಪ್ಟನ್ನು ಹೆಚ್ಚು ಹೊತ್ತು ಮುಚ್ಚಿಟ್ಟಿದೆ, ಚಿಪ್ಪೇ ಬೈಟನ್ನು ಕಳೆದುಕೊಂಡಿದೆ. ಅದು ಏಳದೆಯೂ ಬೈಟು ಕಳೆದರೆ ಬಫರ್ ತುಂಬಿ ಚೆಲ್ಲಿದೆ.

ಬೆಸುಗೆಗಾರ:
ದೊಡ್ಡ ಪಿಂಗ್ ಬಂತು! 5ನೇ ಬಿಟ್ ಏಳಲಿಲ್ಲ. ಆದರೆ ಟೆಲ್ನೆಟ್ (ಜಾಲದ ಮೂಲಕ ಗಣಕದ ಶೆಲ್ಲಿಗೆ ಆಜ್ಞೆ ಕೊಡುವ ವಿಧಾನ) ವಿಚಿತ್ರವಾಗಿ ವರ್ತಿಸುತ್ತಿದೆ: ಪೈ ಕಡೆ "ಸಂಪರ್ಕವಾಯಿತು" ಎಂಬ ಸಂದೇಶ ಬರುತ್ತದೆ, ಆಮೇಲೆ ಪರದೆ ಖಾಲಿ.

ಮಡಿಕೇರಿಮೋಡೆಮ್:
ಇದು ಬೇರೆಯದೇ ತೊಂದರೆ. ಸ್ಲ್ಯಾಟ್ಯಾಚ್‌ಗೆ ವಿಧಾನ ಯಾವುದೆಂದು ಹೇಳದಿದ್ದರೆ ಅದು ಸಿಸ್ಲಿಪ್ ಹಿಡಿಯುತ್ತದೆ, ಅಂದರೆ 1990ರಲ್ಲಿ ವ್ಯಾನ್ ಜೇಕಬ್ಸನ್ ರೂಪಿಸಿದ ಟಿಸಿಪಿ ತಲೆಬರಹದ ಸಂಕೋಚನ. ಪಿಂಗ್ ಟಿಸಿಪಿ ಅಲ್ಲವಾದ್ದರಿಂದ ಅದಕ್ಕೇನೂ ಆಗುವುದಿಲ್ಲ. ಟೆಲ್ನೆಟ್ಟಿನ ಮೊದಲ ಪ್ಯಾಕೆಟ್ ಹಾಗೆಯೇ ಹೋಗುತ್ತದೆ, ಜೆಡ್80 ಉತ್ತರಿಸುತ್ತದೆ, ಪೈ ಸಂಪರ್ಕವಾಯಿತು ಎನ್ನುತ್ತದೆ. ಅದರ ಮುಂದಿನ ಪ್ಯಾಕೆಟ್ಟಿನ ಮೊದಲ ಬೈಟ್ ಮಾತ್ರ ಸಾಮಾನ್ಯ ಐಪಿಯ 69ರ ಬದಲು 117 ಆಗಿರುತ್ತದೆ. ಯುಐಪಿ ಅದನ್ನು ಐಪಿಯೇ ಅಲ್ಲವೆಂದು ಬಿಸಾಡುತ್ತದೆ. ಸಣ್ಣಕ್ಷರದ ಪಿ ಆಯ್ಕೆಯಲ್ಲಿ ಸ್ಲಿಪ್ ಎಂದು ಬಿಡಿಸಿ ಹೇಳಿ. ಜಾಲದ ಗರಿಷ್ಠ ಪ್ಯಾಕೆಟ್ ಗಾತ್ರ 296 ಇರಲಿ, ಯುಐಪಿಯ ಬಫರ್ ಅದಕ್ಕಿಂತ ಚಿಕ್ಕದಿದ್ದರೆ ಹಿಗ್ಗಿಸಿ.

ಬೆಸುಗೆಗಾರ:
ಶೆಲ್ಲಿನ ಪ್ರಾಂಪ್ಟ್ ಬಂತು, ಸಹಾಯದ ಪಟ್ಟಿಯೂ ಪೂರ್ತಿ ಬಂತು. ಇಬ್ಬರಿಗೂ ಕೃತಜ್ಞತೆಗಳು. ಇದೇ ಗಣಕವನ್ನು ಮನೆಯ ಉಳಿದ ಯಂತ್ರಗಳಿಂದ ತಲುಪಲು ಏನು ಮಾಡಬೇಕು?

ಮಡಿಕೇರಿಮೋಡೆಮ್:
ಪೈನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ಜಾಲದ ಪ್ಯಾಕೆಟ್ಟನ್ನು ಇನ್ನೊಂದಕ್ಕೆ ದಾಟಿಸುವುದು) ತೆರೆಯಿರಿ, ಮನೆಯ ರೌಟರಿನಲ್ಲಿ 192.168.7.2ಕ್ಕೆ ಹೋಗುವ ದಾರಿ ಪೈ ಮೂಲಕ ಎಂದು ಸೇರಿಸಿ. ಆ ಶೆಲ್ಲಿಗೆ ಗುಪ್ತಪದವಿಲ್ಲ, ಆದ್ದರಿಂದ ಹೊರಗಿನ ಅಂತರ್ಜಾಲಕ್ಕೆ ಆ ಪೋರ್ಟನ್ನು ತೆರೆಯಬೇಡಿ.