ಕಡಿದಾದ ಇಳಿಜಾರಿಗೆ ಸ್ಟಿಫ್ ಸ್ನೋಬೋರ್ಡ್ ತಗೋಬೇಕು, 158ಓ 161ಓ?

ದೊನ್ನೆಬಿರಿಯಾನಿ_ಸಿಯಾಟಲ್:

ಎಲ್ರಿಗೂ ನಮಸ್ಕಾರ. ಸಿಯಾಟಲ್ ಹತ್ರ ಇರೋದು ನಾನು, ಇದು ಐದನೇ ಸೀಸನ್ನು. ಮೊದಲೆರಡು ವರ್ಷ ಸ್ನೋಕ್ವಾಲ್ಮಿಲಿ ಬಿದ್ದು ಬಿದ್ದು ಮಂಡಿ ಸೊಂಟ ಎಲ್ಲ ನೀಲಿ ಮಾಡ್ಕೊಂಡು ಕಲಿತಿದ್ದು, ಈಗ ಶನಿವಾರ ಬಂದ್ರೆ ಕ್ರಿಸ್ಟಲ್ ಮೌಂಟನ್, ಇಲ್ಲಾಂದ್ರೆ ಬೇಕರ್, ಮೂರೂ ಇಲ್ಲಿಯ ಸ್ಕೀ ಜಾಗಗಳು. ಹೋದ ವರ್ಷದಿಂದ ಕ್ರಿಸ್ಟಲ್‌ನಲ್ಲಿ ಸೌತ್‌ಬ್ಯಾಕ್ (ನಡ್ಕೊಂಡೇ ಹತ್ತಬೇಕಾದ ಭಾಗ) ಗೇಟ್ ತೆಗೆದ ತಕ್ಷಣ ಬೋರ್ಡು ಬೆನ್ನಿಗೆ ಕಟ್ಕೊಂಡು ಮೇಲೆ ನಡ್ಕೊಂಡು ಹೋಗಿ ಇಳಿಯೋ ಹುಚ್ಚು ಹತ್ತಿದೆ, ಮನೆಯವಳು ಬೈದಿದ್ದೇ ಬೈದಿದ್ದು.

ವಿಷಯ ಏನಂದ್ರೆ ನನ್ನ ಹತ್ರ ಇರೋದು ಕಲಿಯೋವಾಗ ತಗೊಂಡ 156 ಸೆಂ.ಮೀ. ಉದ್ದದ ಮೆತ್ತನೆ ಬೋರ್ಡು, ಪೂರ್ತಿ ರಾಕರ್, ಅಂದ್ರೆ ಮಧ್ಯ ಕೆಳಗೆ, ಎರಡೂ ತುದಿ ಮೇಲೆ. ಹೊಸ ಸ್ನೋ ಬಿದ್ದ ಬೆಳಿಗ್ಗೆ ಬೆಣ್ಣೆ ಥರ ಹೋಗತ್ತೆ, ಅದ್ರಲ್ಲಿ ದೂರಿಲ್ಲ. ಆದ್ರೆ ಹನ್ನೊಂದು ಗಂಟೆ ಮೇಲೆ ಎಲ್ರೂ ಓಡಾಡಿ ಉಂಡೆ ಉಂಡೆ ಆಗಿ ಅದು ಗಟ್ಟಿ ಆಗತ್ತಲ್ಲ, ಅವಾಗ ಸ್ವಲ್ಪ ಸ್ಪೀಡ್ ತಗೊಂಡ್ರೆ ಬೋರ್ಡಿನ ಮೂತಿ ಪಟಪಟ ಅಂತ ಬಡ್ಕೊಳಕ್ಕೆ ಶುರು, ಹಲ್ಲೆಲ್ಲ ಕಟಕಟ ಅನ್ನತ್ತೆ, ಹಿಮ್ಮಡಿ ಕಡೆ ಅಂಚು ಹಾಕಿದ್ರೆ ಹಿಡಿಯೋದೇ ಇಲ್ಲ, ಜಾರ್ತಾ ಹೋಗತ್ತೆ. ಹೋದ ವಾರ ಹಂಗೇ ಒಂದು ಇಪ್ಪತ್ತು ಅಡಿ ಜಾರಿದೆ, ಕೆಳಗೆ ಬಂಡೆ ಇತ್ತು, ದೇವ್ರು ದೊಡ್ಡವನು.

ತೂಕ 72 ಕೆಜಿ, ಎತ್ತರ 5 ಅಡಿ 9 ಇಂಚು, ಬೂಟು ಅಮೆರಿಕನ್ ಸೈಜು 9.5. ನೋಡಿಟ್ಟಿರೋದು ಜೋನ್ಸ್ ಫ್ಲ್ಯಾಗ್‌ಶಿಪ್ 158 ಅಥವಾ 161, ಇನ್ನೊಂದು ಬರ್ಟನ್ ಕಸ್ಟಮ್ ಎಕ್ಸ್. ಯಾವ್ದು ತಗೊಳ್ಳಿ? ಸ್ಟಿಫ್ ತಗೊಂಡ್ರೆ ಕಾಡಲ್ಲಿ ಮರಗಳ ಮಧ್ಯೆ ತಿರುಗ್ಸಕ್ಕೇ ಆಗಲ್ಲ ಅಂತ ಫ್ರೆಂಡ್ ಹೆದರಿಸ್ತಿದಾನೆ, ನಿಜಾನಾ?

ಮಂಜಿನಹಾದಿ:

ಗುರು, ಬೋರ್ಡಿನ ಮಾತು ಆಮೇಲೆ. ಬೂಟು ಯಾವುದು, ಎಷ್ಟು ವರ್ಷ ಆಯ್ತು? ಅದನ್ನ ಬರೆದೇ ಇಲ್ವಲ್ಲ.

ನಾನು ವ್ಯಾಂಕೂವರ್, ಹನ್ನೊಂದು ಸೀಸನ್ ವಿಸ್ಲರ್‌ನಲ್ಲಿ ಕಳೆದಿದೀನಿ. ನಿಮ್ಮ ಥರಾನೇ ನಾಲ್ಕನೇ ವರ್ಷಕ್ಕೆ ತಲೆಗೆ ಹತ್ತಿ ಅಂಗಡೀಲಿ ಇದ್ದಿದ್ರಲ್ಲೇ ಅತಿ ಗಟ್ಟಿ ಬೋರ್ಡು ಎತ್ಕೊಂಡು ಬಂದೆ. ವಿಸ್ಲರ್ ಪಕ್ಕದ ಬೆಟ್ಟ ಬ್ಲ್ಯಾಕ್‌ಕೋಂಬ್‌ನಲ್ಲಿ ಸ್ಪ್ಯಾಂಕೀಸ್ ಲ್ಯಾಡರ್ ಅಂತ ಇದೆ, ಸ್ವಲ್ಪ ಹತ್ಕೊಂಡು ಹೋದ್ರೆ ಆ ಕಡೆ ದೊಡ್ಡ ದೊಡ್ಡ ಬೌಲ್‌ಗಳು, ಅಂದ್ರೆ ಬಟ್ಟಲಿನಂಥ ಇಳಿಜಾರು. ಅಲ್ಲಿ ಮೊದಲನೇ ತಿರುವಲ್ಲೇ ಗೊತ್ತಾಯ್ತು, ನಾನು ಮಂಡಿ ಮುಂದಕ್ಕೆ ಒತ್ತಿದ್ರೆ ಬೂಟೇ ಮಡಚ್ಕೊಳ್ತಿದೆ, ಬೋರ್ಡಿಗೆ ಸುದ್ದೀನೇ ಮುಟ್ತಿಲ್ಲ. ಲಾರಿ ಸ್ಟೇರಿಂಗಿಗೆ ರಬ್ಬರ್ ರಾಡ್ ಹಾಕಿದಂಗೆ. ಅರ್ಧ ಸೀಸನ್ ಬೋರ್ಡನ್ನ ಬೈದಿದ್ದೆ, ತಪ್ಪು ಮೂರು ವರ್ಷದ ಬೂಟಿಂದು. ಒಳಗಿನ ಲೈನರ್ ಚಪ್ಪಟೆ ಆಗಿ ಹಿಮ್ಮಡಿ ಒಂದು ಬೆರಳು ಮೇಲೇಳ್ತಿತ್ತು.

ಈಗಲೇ ಮನೇಲಿ ಬೂಟು ಹಾಕಿ ಬಿಗಿಯಾಗಿ ಕಟ್ಟಿ, ಮಂಡಿ ಬಗ್ಗಿಸಿ ಮುಂದಕ್ಕೆ ಒರಗಿ ನೋಡಿ. ಹಿಮ್ಮಡಿ ಎದ್ರೆ ಅಥವಾ ಕಣಕಾಲಿನ ಹತ್ರ ಬೂಟು ಮಡಿಕೆ ಬಿದ್ರೆ ಮೊದಲ ದುಡ್ಡು ಅಲ್ಲಿಗೆ ಹಾಕಿ.

ಇನ್ನು ಆ 10ಕ್ಕೆ 8, 10ಕ್ಕೆ 9 ಅಂತ ಬರೀತಾರಲ್ಲ ಫ್ಲೆಕ್ಸ್ (ಗಟ್ಟಿತನದ) ನಂಬರು, ಅದು ಒಂದೊಂದು ಕಂಪನೀದು ಒಂದೊಂದು ಲೆಕ್ಕ. ಒಬ್ರ 7 ಇನ್ನೊಬ್ರ 9 ಆಗಿರಬಹುದು. ಮುಖ್ಯ ಏನಂದ್ರೆ ಗಟ್ಟಿತನ ಎರಡು ಥರ. ಉದ್ದಕ್ಕೆ ಬಗ್ಗೋದು ಒಂದು, ಬಟ್ಟೆ ಹಿಂಡಿದಂಗೆ ತಿರುಚ್ಕೊಳ್ಳೋದು ಇನ್ನೊಂದು. ಗಟ್ಟಿ ಸ್ನೋ ಮೇಲೆ ಅಂಚು ಹಿಡ್ಕೊಳ್ಳೋಕೆ ಎರಡನೇದು ಬೇಕು, ಬೋರ್ಡು ತಿರುಚ್ಕೊಂಡ್ರೆ ಕಾಲ ಕೆಳಗೆ ಅಂಚು ಕಚ್ಚಿದ್ರೂ ಮೂತಿ ಹತ್ರ ಬಿಟ್ಟುಬಿಡತ್ತೆ. ನಿಮ್ಮದು ಜಾರ್ತಿರೋದು ಅದಕ್ಕೂ ಇರಬಹುದು, ರಾಕರ್ ಆಗಿರೋದಕ್ಕೂ ಇರಬಹುದು, ಯಾಕಂದ್ರೆ ರಾಕರ್‌ನಲ್ಲಿ ಎರಡೂ ತುದಿ ಎದ್ದಿರತ್ತೆ, ಸ್ನೋಗೆ ತಾಗೋ ಅಂಚೇ ಕಮ್ಮಿ. ನಿಮಗೆ ಬೇಕಿರೋದು ಕಾಲುಗಳ ಮಧ್ಯೆ ಕ್ಯಾಂಬರ್ (ಕಮಾನಿನ ಥರ ಮೇಲೆದ್ದಿರೋದು), ಮೂತೀಲಿ ಮಾತ್ರ ರಾಕರ್. ಫ್ಲ್ಯಾಗ್‌ಶಿಪ್ ಆ ಜಾತಿದೇ, ಆ ಕಂಪನಿ ಕಟ್ಟಿದ ಜೆರೆಮಿ ಜೋನ್ಸ್ ದೊಡ್ಡ ಬೆಟ್ಟ ಇಳಿಯೋಕೆ ಅಂತಾನೇ ಮಾಡಿಸಿದ್ದು. ಕಸ್ಟಮ್ ಎಕ್ಸ್ ಒಳ್ಳೇ ಬೋರ್ಡೇ, ಆದ್ರೆ ಅದ್ರ ಜೀವ ಇರೋದು ರೋಲರ್ ಹೊಡೆದ ಟ್ರ್ಯಾಕಲ್ಲಿ ಸ್ಪೀಡಾಗಿ ಕೊರೆಯೋದ್ರಲ್ಲಿ, ಇದು ನನ್ನ ಅಭಿಪ್ರಾಯ, ಹೊಡೆಯೋಕೆ ಬರಬೇಡಿ 😀

ಹುಬ್ಬಳ್ಳಿಹುಡ್ಗ_ಆಲ್ಪ್ಸ್:

ನಮಸ್ಕಾರ್ರೀ. ನಾ ಜ್ಯೂರಿಕ್‌ನ್ಯಾಗ ಇರ್ತೀನಿ. ಒಂದು ವರ್ಷ ವೆರ್ಬಿಯೇಗೆ ಹೋಗಿ ಎಕ್ಸ್‌ಟ್ರೀಮ್ ಅನ್ನೋ ಕಡಿದಾದ ಗುಡ್ಡ ಇಳಿಯೋ ಸ್ಪರ್ಧಾ ನೋಡಿದ್ದೆ, 1996ರಿಂದ ನಡಸಾಕತ್ಯಾರ. ಎದುರಿಗೆ ಬೆಕ್ ದೆ ರೋಸ್ ಗುಡ್ಡ, 3,223 ಮೀಟರ್, ನಾವೆಲ್ಲ ಈಚೆ ಕಡೆ ನಿಂತು ದುರ್ಬೀನ್‌ನ್ಯಾಗ ನೋಡೋದು. ಮನಷಾ ಇರಿವಿ ಹಂಗ ಕಾಣ್ತಾನ. ಬಂಡೆಗಲ್ಲಿನ ಮ್ಯಾಲಿಂದ ಹಾರಿ ಇಳದಾಗ ಬೋರ್ಡಿನ ಬಾಲ ಮೆತ್ತಗಿದ್ರ ಹಿಂದಕ್ಕ ಕುಂಡ್ರಿಸಿಬಿಡತೈತಿ, ಅದಕ್ಕ ಅವ್ರಿಗೆ ಕಬ್ಬಣದಂಥ ಬೋರ್ಡ್ ಬೇಕು. ನಮಗ ನಿಮಗ ಹಂಗ ಹಾರೋದು ಏನೂ ಇಲ್ರಿ. ನಾವು ನಿಂತು, ನೋಡಿ, ಉಸಿರು ತಗೊಂಡು, ಮನಿದೇವ್ರನ್ನ ನೆನಿಸಿ ಒಂದು ಟರ್ನ್ ಹೊಡಿಯೋ ಮಂದಿ. ಅತಿ ಸ್ಟಿಫ್ ಬೋರ್ಡು ನಿಧಾನಕ್ಕ ಹೋಗೋವಾಗ ಮಾತು ಕೇಳಂಗಿಲ್ಲ, ಸಂಜೀಮುಂದ ಕಾಲು ಸೋತಾಗಂತೂ ಹಟಾ ಹಿಡದ ಎತ್ತಾಗತೈತಿ. ಮೀಡಿಯಂಕ್ಕಿಂತ ಒಂದು ಗುಂಜಿ ಮ್ಯಾಲೆ ಇರ್ಲಿ, ಸಾಕು.

158 ತಗೋರಿ. 72 ಕಿಲೋಕ್ಕ 161 ಆಗತೈತಿ, ಆದ್ರ ನೀವು ಗಿಡದಾಗೂ ಹೊಕ್ಕೀರಿ ಅಂದ್ರಲ್ಲ.

ಮಂಜಿನಹಾದಿ:

ಬಾಲದ ಬಗ್ಗೆ ಒಪ್ಪಿದೆ ಸರ್. ಉದ್ದದ ವಿಷಯದಲ್ಲಿ ಒಪ್ಪಲ್ಲ. ಅವರಿರೋದು ವಾಷಿಂಗ್ಟನ್ ರಾಜ್ಯ, ಅಲ್ಲಿ ಬೀಳೋದು ಇಡ್ಲಿ ಹಿಟ್ಟಿನಂಥ ಒದ್ದೆ ಸ್ನೋ, ಅಲ್ಲಿಯವರೇ ಅದನ್ನ ಕ್ಯಾಸ್ಕೇಡ್ ಕಾಂಕ್ರೀಟ್ ಅಂತಾರೆ. ಅದೂ ಸ್ವಲ್ಪ ಅಲ್ಲ, ಬೇಕರ್‌ನಲ್ಲಿ 1998-99ರ ಸೀಸನ್‌ನಲ್ಲಿ 1,140 ಇಂಚು ಬಿದ್ದು ವಿಶ್ವದಾಖಲೆ ಆಯ್ತು. ಅಂಥದ್ರಲ್ಲಿ ಮೂತಿ ಉದ್ದ ಇದ್ದಷ್ಟೂ ಒಳ್ಳೇದು.

ಅಫರ್ವಾಟ್_ಆಚಾರಿ:

ನಾನು ಬೆಂಗಳೂರು, ವರ್ಷಕ್ಕೆ ಹತ್ತು ದಿನ ಗುಲ್ಮಾರ್ಗ್, ಅಷ್ಟೇ ನನ್ನ ಭಾಗ್ಯ. ಅಲ್ಲಿ ಅಫರ್ವಾಟ್ ಬೆಟ್ಟಕ್ಕೆ ಹೋಗೋ ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ 3,980 ಮೀಟರ್ ಹತ್ರ ಬಿಡತ್ತೆ, ಅಲ್ಲಿಂದ ಕೆಳಗೆ ಮಧ್ಯದ ಸ್ಟೇಷನ್ ಕಾಂಗ್ಡೋರಿವರೆಗೆ ಬರೀ ಬಯಲು ಬೌಲ್‌ಗಳು, ಆಮೇಲೆ ಬೇಕಂದ್ರೆ ಕಾಡಲ್ಲಿ ನುಗ್ಗಿ ಬಾಬಾರೇಶಿ, ಟಂಗ್‌ಮರ್ಗ್ ಕಡೆ ಇಳಿದು ಜೀಪ್ ಹತ್ಕೊಂಡು ವಾಪಸ್ ಬರಬಹುದು. ಮೊದಲನೇ ವರ್ಷ ಬಾಡಿಗೆ ಬೋರ್ಡಿಗೆ ನಂಬ್ಕೊಂಡು ಹೋಗಿದ್ದೆ. ಅಂಚಿನ ಕಬ್ಬಿಣ ಒಂದು ಗೇಣು ಕಿತ್ತು ಬಂದಿತ್ತು, ಫೆವಿಕ್ವಿಕ್ ಹಾಕಿ ಕೊಟ್ಟಿದ್ದ ಪುಣ್ಯಾತ್ಮ!! ಆಮೇಲೆ ಸ್ವಂತದ್ದು ತಗೊಂಡೆ.

ನಂದೂ ಸ್ಟಿಫ್ಫೇ, 160. ಅಫರ್ವಾಟ್ ಮೇಲ್ಗಡೆ ಗಾಳಿಗೆ ಗಟ್ಟಿಯಾದ ಸ್ನೋ ಮೇಲೆ ಹಳಿ ಮೇಲೆ ಹೋದಂಗೆ ಹೋಗತ್ತೆ. ಕೆಳಗೆ ಕಾಡಲ್ಲಿ ಮಾತ್ರ ನಿಮ್ಮ ಫ್ರೆಂಡ್ ಹೇಳಿದ್ದು ಸತ್ಯ, ಎರಡು ಭೋಜಪತ್ರೆ ಮರದ ಮಧ್ಯೆ ತಿರುಗಿಸೋಕೆ ಹೋಗಿ ಬಾಲ ಸಿಕ್ಕಾಕ್ಕೊಂಡು ಸೊಂಟದವರೆಗೆ ಹೂತು, ಬೈಂಡಿಂಗ್ (ಬೂಟನ್ನ ಬೋರ್ಡಿಗೆ ಕಟ್ಟೋ ಪಟ್ಟಿ) ಬಿಚ್ಚೋಕೆ ಕಾಲು ಗಂಟೆ. ಆಮೇಲೆ ಟೇಪರ್ ಇರೋದು ತಗೋಬೇಕಿತ್ತು ಅಂತ ಗೊತ್ತಾಯ್ತು, ಅಂದ್ರೆ ಬಾಲಕ್ಕಿಂತ ಮೂತಿ ಅಗಲ ಇರೋದು. ಬಾಲ ತಾನಾಗೇ ಮುಳುಗಿ ಮೂತಿ ಏಳತ್ತೆ, ಹಿಂದಿನ ಕಾಲಿನ ತೊಡೆ ಉರಿಯಲ್ಲ.

ಅಗಲಾನೂ ನೋಡ್ಕೊಳ್ಳಿ. 9.5 ಬೂಟಿಗೆ ಮಧ್ಯದಲ್ಲಿ 25ರಿಂದ 26 ಸೆಂ.ಮೀ. ಇದ್ರೆ ಆಯ್ತು, ವೈಡ್ ಬೇಡ. ಕಿರಿದಾದ್ರೆ ಕಡಿದಾದ ಕಡೆ ಬೂಟಿನ ತುದಿ ಸ್ನೋಗೆ ಒತ್ತಿ ಅಂಚೇ ಎದ್ದುಬಿಡತ್ತೆ.

ಇನ್ನೊಂದು, ಬೈಕೋಬೇಡಿ. ಬೀಕನ್ನು (ಹಿಮದಡಿ ಹೂತವರನ್ನ ಹುಡುಕೋ ರೇಡಿಯೋ), ಸಲಿಕೆ, ಪ್ರೋಬು (ಹಿಮಕ್ಕೆ ಚುಚ್ಚಿ ನೋಡೋ ಉದ್ದ ಕೋಲು) ಇದ್ಯಾ? ಸ್ಟಿಫ್ ಬೋರ್ಡು ಖುಷಿ ಕೊಡೋ 30ರಿಂದ 45 ಡಿಗ್ರಿ ಇಳಿಜಾರಲ್ಲೇ ಹಿಮಕುಸಿತ ಜಾಸ್ತಿ. ಬೀಕನ್ ಇದ್ರೂ ಫೋನ್ ಅದೇ ಜೇಬಲ್ಲಿ ಇಡೋ ಜನ ನೋಡಿದೀನಿ, ಫೋನು ಬೀಕನ್ ಸಿಗ್ನಲ್ ಕೆಡಿಸತ್ತೆ, ಕನಿಷ್ಠ 20 ಸೆಂ.ಮೀ. ದೂರ ಇರಬೇಕು, ಹುಡುಕೋವಾಗ 50. ನಮ್ಮ ಗೈಡು, ಅಲ್ಲೇ ಟಂಗ್‌ಮರ್ಗ್‌ನವನು, ಪ್ರತಿ ದಿನ ಬೆಳಿಗ್ಗೆ ಎಲ್ಲರ ಜೇಬು ತಟ್ಟಿ ನೋಡಿಯೇ ಮುಂದೆ ಬಿಡ್ತಿದ್ದಿದ್ದು.

ದೊನ್ನೆಬಿರಿಯಾನಿ_ಸಿಯಾಟಲ್:

ಎಲ್ರಿಗೂ ಥ್ಯಾಂಕ್ಸ್. ಬೀಕನ್, ಸಲಿಕೆ, ಪ್ರೋಬ್ ಮೂರೂ ಇದೆ, ಕೋರ್ಸೂ ಆಗಿದೆ, ಫೋನ್ ಮಾತ್ರ ಎದೆ ಜೇಬಲ್ಲೇ ಇಡ್ತಿದ್ದೆ 🙈 ಇನ್ಮೇಲೆ ಪ್ಯಾಂಟ್ ಜೇಬು.

ಮಂಜಿನಹಾದಿ ಅಣ್ಣ, ರಾತ್ರಿ ಬೂಟು ಹಾಕಿ ಹಾಲ್‌ನಲ್ಲಿ ಒರಗಿ ನೋಡಿದೆ. ಹಿಮ್ಮಡಿ ಒಂದು ಬೆರಳಲ್ಲ, ಎರಡು ಬೆರಳು ಏಳ್ತಿದೆ. ಮಗಳು ಕೈ ಹಾಕಿ ಅಳೆದಳು. ನಾಲ್ಕು ಸೀಸನ್ ಆಯ್ತು ಅದಕ್ಕೆ, ಅದೂ ಕಲಿಯೋರ ಮೆತ್ತನೆ ಬೂಟು, ಅರ್ಧ ಸೈಜು ದೊಡ್ಡದು ಬೇರೆ.

ನಿನ್ನೆ ಅಂಗಡಿಯಿಂದ 158 ಮತ್ತೆ 161 ಎರಡೂ ಡೆಮೋ ತಗೊಂಡು ಮೂರ್ ಮೂರು ರನ್ ಹೊಡೆದೆ, ಅವರ ಹತ್ರಾನೇ ಗಟ್ಟಿ ಬೂಟೂ ಬಾಡಿಗೆಗೆ ತಗೊಂಡೆ. ಅದೇ ಬೂಟು ಹಾಕ್ಕೊಂಡು ಕೊನೇಲಿ ನನ್ನ ಹಳೇ 156ರಲ್ಲಿ ಒಂದು ಸುತ್ತು ಹೋದೆ ನೋಡಿ, ಹಿಮ್ಮಡಿ ಅಂಚು ಅರ್ಧಕ್ಕರ್ಧ ಸರಿ ಹೋಗಿತ್ತು. ಮೂತಿ ಪಟಪಟ ಮಾತ್ರ ಹಂಗೇ ಇದೆ, ಅದು ಬೋರ್ಡಿಂದೇ. 161 ಉಂಡೆ ಸ್ನೋ ಮೇಲೆ ಇಸ್ತ್ರಿ ಪೆಟ್ಟಿಗೆ ಥರ ಹೋಯ್ತು, ಆದ್ರೆ ಮರದ ಹತ್ರ ಎರಡು ಸಲ ಕೂತ್ಕೊಂಡೆ. 158 ಅಷ್ಟು ಶಾಂತ ಅಲ್ಲ, ತಿರುಗಿಸೋದು ಸಲೀಸು. ಈ ತಿಂಗಳು ಬೂಟು, ಮಾರ್ಚ್ ಕೊನೇಲಿ ಸೇಲ್ ಹಾಕಿದಾಗ 158.

ಹುಬ್ಬಳ್ಳಿಹುಡ್ಗ_ಆಲ್ಪ್ಸ್:

158 😎 ನಾ ಏನ್ ಹೇಳಿದ್ದೆ?

ಮಂಜಿನಹಾದಿ:

ಸರಿ ಸರ್, ಸೋತೆ. ಬೂಟು ತಗೊಳ್ಳೋವಾಗ ಸಂಜೆ ಹೊತ್ತು ಹೋಗಿ, ಕಾಲು ಸ್ವಲ್ಪ ಊದಿರತ್ತೆ. ಬೆರಳು ಮುಂದೆ ತಾಗೀ ತಾಗದಂಗಿರಬೇಕು, ಒಂದ್ ಇಪ್ಪತ್ತು ನಿಮಿಷ ಅಂಗಡೀಲೇ ಹಾಕ್ಕೊಂಡು ಓಡಾಡಿ, ನಾಚ್ಕೋಬೇಡಿ.

ಕುಂದಾಪ್ರ_ಕುವರ:

ಅಣ್ಣ ಆ 156 ಕೊಡೋದಾದ್ರೆ ಹೇಳಿ. ಪೋರ್ಟ್‌ಲ್ಯಾಂಡ್‌ನಲ್ಲಿದೀನಿ, ಈ ವರ್ಷ ಕಲಿಯೋಕೆ ಶುರು ಮಾಡಿದೀನಿ, ಬೀಳೋಕೆ ಮೆತ್ತನೇದೇ ಬೇಕು.